ಬಾಣಂತಿಯ ಶುಶ್ರೂಷೆಯಲ್ಲಿ ಕಾರ್ಯವಿಭಾಗ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಟ್ಟಿಗಳಲ್ಲಿ ಹೆರಿಗೆಯ ಕಾರ್ಯವೆಲ್ಲವೂ ಹಿಂದೆ ಸೂಲಗಿತ್ತಿಯದೇ ಆಗಿದ್ದಿತು. 'ಸೂಲ್' ಎಂದರೆ ಹೆರಿಗೆ. ಹೊಕ್ಕುಳಬಳ್ಳಿಯನ್ನು ಕೊಯ್ಯುವವಳೂ ನೀರೆರೆಯುವವಳೂ ಪಥ್ಯವನ್ನು ಹೇಳುವವಳೂ ಆಕೆಯೇ. ಈಗ ಆ ಕಾರ್ಯವು ಹಲವರಲ್ಲಿ ಹಂಚಿಹೋಗಿದೆ. ಹೆರಿಗೆ ಮಾಡಿಸುವುದೂ ಚುಚ್ಚುಮದ್ದು ಕೊಡುವುದೂ ತರಬೇತಿ ಪಡೆದ ದಾದಿಯ ಕೆಲಸ. ಮನೆಮನೆಗೆ ಹೋಗಿ ನೋಡುವುದು 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆಯದು. ಇಂಗ್ಲಿಷಿನ ಮೊದಲಕ್ಷರಗಳಿಂದಾದ ಹೆಸರಾದರೂ ಇದು ಕನ್ನಡದ ಕಿವಿಗೆ ಅನ್ಯವೆನಿಸದು.

ಆಸ್ಪತ್ರೆಯಲ್ಲಿ ಹೆತ್ತು ಬಂದವಳ ಮನೆಗೆ ಈಕೆ 3, 7, 14, 21, 28, 42ನೆಯ ದಿನಗಳಲ್ಲಿ ಹೋಗತಕ್ಕದ್ದು. ಕೂಸನ್ನು ತೂಗಬಹುದು, ಜ್ವರವನ್ನು ಅಳೆಯಬಹುದು, ಉಸಿರನ್ನು ಎಣಿಸಬಹುದು. ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕೆ ಮಿಗಿಲಾದರೆ ಅಪಾಯಸೂಚನೆಯೆಂದು ತಿಳಿದು ಕೂಡಲೆ ಆಸ್ಪತ್ರೆಗೆ ಕಳುಹಿಸುವುದೂ ಅವಳ ಅಧಿಕಾರದೊಳಗಿನದೇ. ರೋಗಕಾರಣವನ್ನು ನಿರ್ಣಯಿಸುವುದು ಮಾತ್ರ ಅವಳದಲ್ಲ, ಚುಚ್ಚುಮದ್ದಂತೂ ಸಲ್ಲದು. ದಾದಿಯು ಅಳೆಯುವ ಕೆಲಸವನ್ನು ಒಪ್ಪಿಸಬಹುದಲ್ಲದೆ ಅಳತೆಯ ಅರ್ಥವನ್ನು ವಿವೇಚಿಸುವ ಹೊಣೆಯನ್ನು ಒಪ್ಪಿಸಲಾಗದು. ಒಪ್ಪಿಸಿದ ಬಳಿಕ ವಿಚಾರಿಸದೆ ಬಿಡುವುದೂ ಕೂಡದು.

ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಈ ವಿಭಾಗಕ್ಕೆ ಕಠಿನವಾದ ಪರೀಕ್ಷೆಯೊದಗುತ್ತದೆ. ಸೂತಕದ ಕಟ್ಟಳೆಯಂತೆ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗಣ ಗುಡಿಸಲಿನಲ್ಲಿರಿಸುವ ರೂಢಿಯು ಅಲ್ಲಿ ಪೂರ್ತಿಯಾಗಿ ಅಳಿದಿಲ್ಲ. ಗಾಳಿಮಳೆಗೆ ಆಸರೆ ಸಾಲದ ಅಂಥ ಎಡೆಯಲ್ಲಿ ಕೂಸಿನ ಮೈ ತಣ್ಣಗಾಗುತ್ತಿರುವುದನ್ನು ಮೊದಲು ಕಾಣತಕ್ಕವಳು ಆಶಾ ಕಾರ್ಯಕರ್ತೆಯೇ. ಅದನ್ನು ತಾಯಿಯ ಎದೆಗೆ ಅವುಚಿ ಬೆಚ್ಚಗಿರಿಸುವ ಬಗೆಯನ್ನು ಹೇಳಿಕೊಡಲು ಆಕೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಆಸ್ಪತ್ರೆಗೆ ಸಾಗಿಸಲು ಹಟ್ಟಿಯ ಹಿರಿಯರು ಒಪ್ಪದಿದ್ದಲ್ಲಿ ಮಾತ್ರ ದಾದಿಯು ಆ ಗುಡಿಸಲಿನ ಬಾಗಿಲಿಗೆ ತಾನೇ ಬರಬೇಕು.