ಶಿಶಿರದ ಮಂಜು, ವಸಂತದ ತಳಿರು

ಹಿಮ ಬೀಳುವ ದೇಶಗಳಲ್ಲಿ ಋತು ಬದಲಾದುದನ್ನು ನೆಲವೇ ಸಾರುತ್ತದೆ. ಬಿಳುಪು ಕರಗಿ ಹಸುರು ಮೂಡುತ್ತದೆ. ಮೈಸೂರು ಸೀಮೆಯಲ್ಲಿ ಅಂತಹ ಡಂಗುರವಿಲ್ಲ. ಇಲ್ಲಿ ಶಿಶಿರವು ವಸಂತಕ್ಕೆ ಎಡೆಗೊಡುವುದು ಗಾಳಿಯಲ್ಲಿ, ಬೆಳಕಿನಲ್ಲಿ, ಎಲೆಯಲ್ಲಿ. ಮಾಘ-ಫಾಲ್ಗುಣಗಳ ಈ ಸಂಧಿಕಾಲವನ್ನು ಬಯಲಿನಲ್ಲಿಯೇ ಕುಳಿತು ಚಿತ್ರಿಸಹೊರಟವರಿಗೆ ಕಪಿಲೆಯ ದಡದ ಎರಡು ಊರುಗಳು ಎರಡು ಪಾಠಗಳನ್ನು ಕಲಿಸುತ್ತವೆ.

ಮೊದಲನೆಯದು ನಂಜನಗೂಡು. ಬೆಳಗಿನ ಮಂಜಿನಲ್ಲಿ ಶ್ರೀಕಂಠೇಶ್ವರನ ಗೋಪುರವೂ, ಒಂದು ಕಾಲದಲ್ಲಿ ರೈಲನ್ನೂ ಹೊತ್ತಿದ್ದ 1735ರ ಹಳೆಯ ಸೇತುವೆಯೂ ತಮ್ಮ ಭಾರವನ್ನು ಕಳೆದುಕೊಂಡು ಬರಿಯ ನೆರಳಿನಂತೆ ತೋರುತ್ತವೆ. ಜಲವರ್ಣಕ್ಕೆ ಇದು ಸುಸಮಯ. ತಂಪು ಗಾಳಿಯಲ್ಲಿ ಕಾಗದವು ನಿಧಾನವಾಗಿ ಒಣಗುವುದರಿಂದ ಒಂದು ಬಣ್ಣ ಮತ್ತೊಂದರೊಳಗೆ ಮೆಲ್ಲನೆ ಬೆರೆಯುತ್ತದೆ. ಬಿಸಿಲೇರಿದಂತೆ ಮಂಜು ಚೆದುರಿ, ಕಮಾನುಗಳ ಕೆಳಗೆ ನೆರಳು ಕಡುವಾಗಿ, ದೃಶ್ಯವೇ ಬೇರೆಯಾಗುತ್ತದೆ. ಆಗ ಹೊಸಬರು ಬೆಳಕಿನ ಬೆನ್ನು ಹತ್ತುತ್ತಾರೆ. ಏಳು ಗಂಟೆಯ ಆಕಾಶವೂ ಒಂಬತ್ತು ಗಂಟೆಯ ನೆರಳೂ ಒಂದೇ ಹಾಳೆಯಲ್ಲಿ ಕೂಡಿದರೆ ಆ ಚಿತ್ರ ಯಾವ ಹೊತ್ತಿನದೂ ಆಗುವುದಿಲ್ಲ. ನೆರಳಿನ ಎಡೆಗಳನ್ನು ಮೊದಲೇ ಪೆನ್ಸಿಲಿನಿಂದ ಗುರುತಿಸಿಕೊಂಡು, ಹೊತ್ತು ಮೀರಿದೊಡನೆ ಕುಂಚವನ್ನು ಕೆಳಗಿಡುವುದು ಲೇಸು. ಉಳಿದುದನ್ನು ಮರುದಿನ ಅದೇ ವೇಳೆಗೆ ಬಂದು ಮುಂದುವರಿಸಬಹುದು.

ಕಪಿಲೆಯ ಹರಿವನ್ನು ಅನುಸರಿಸಿ ಕೆಳಕ್ಕೆ ಸಾಗಿದರೆ ತಿರುಮಕೂಡಲು ನರಸೀಪುರ. ನದಿಯು ಕಾವೇರಿಯನ್ನು ಕೂಡುವ ಕ್ಷೇತ್ರ. 1989ರಲ್ಲಿ ಆರಂಭವಾದ ಕುಂಭಮೇಳ ನೆರೆಯುವುದು ಇಲ್ಲಿಯೇ. ಜನಜಂಗುಳಿಯಿಲ್ಲದ ದಿನಗಳಲ್ಲಿ ಮರಳು, ಬಂಡೆ, ತಿಳಿನೀರುಗಳ ನಡುವೆ ಕಣ್ಣು ಸೆಳೆಯುವುದು ಮರಗಳು. ಅರಳಿಯ ಎಳೆಯೆಲೆ ತಾಮ್ರದ ಬಣ್ಣದಲ್ಲಿ ಮಿನುಗುತ್ತದೆ. ಹೊಂಗೆಯ ಚಿಗುರು ಹಳದಿಗೇ ಹತ್ತಿರ. ಡಬ್ಬಿಯ ಸಿದ್ಧ ಹಸುರು ಇದಕ್ಕೆ ಒದಗದು. ಹಳದಿಗೆ ತುಸುವೇ ನೀಲಿ ಬೆರೆಸಬೇಕು. ಅರಳಿಗಾದರೆ ಕಾವಿ ಬೇಕು. ಮರುದಿನಕ್ಕೆಂದು ಉಳಿಸುವ ನಂಜನಗೂಡಿನ ಉಪಾಯ ಇಲ್ಲಿ ಸಲ್ಲದು. ಮಂಜು ನಾಳೆಯೂ ಕವಿದೀತು, ತಳಿರು ಕಾಯುವುದಿಲ್ಲ. ಕೆಲವೇ ದಿನಗಳಲ್ಲಿ ತಾಮ್ರವೆಲ್ಲ ಹಸುರಾಗಿಬಿಡುತ್ತದೆ.

ಈ ಎರಡು ಪಾಠಗಳಿಗೆ ನಿದರ್ಶನಗಳು ಕನ್ನಡನಾಡಿನ ಕಲಾಪರಂಪರೆಯಲ್ಲಿಯೇ ಇವೆ. ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಕೆ. ವೆಂಕಟಪ್ಪನವರು (1886–1965) ಉದಕಮಂಡಲ, ಕೊಡೈಕನಾಲುಗಳ ಜಲವರ್ಣಗಳಲ್ಲಿ ಮಂಜಿನ ಸೂಕ್ಷ್ಮಗಳನ್ನು ತಾಳ್ಮೆಯಿಂದ ಹಿಡಿದರು. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಉಜ್ಜ್ವಲ ವರ್ಣಗಳಲ್ಲಿ ಬರೆದರು. ಅವರ ಚಿತ್ರಗಳಲ್ಲಿ ನಿಂತ ಹಳೆಯ ಬೆಂಗಳೂರಿನ ಎಷ್ಟೋ ನೋಟಗಳು ಇಂದು ನೆಲದ ಮೇಲೆ ಇಲ್ಲ.

ನದೀತೀರದ ಮರಗಳಿಗೂ ಈ ಮಾತು ಅನ್ವಯಿಸುತ್ತದೆ. ರಸ್ತೆ ಅಗಲವಾಗುತ್ತದೆ, ಕಟ್ಟಡ ಏಳುತ್ತದೆ. ಒಂದು ಫಾಲ್ಗುಣದಲ್ಲಿ ಚಿಗುರಿದ ಮರ ಮುಂದಿನ ಫಾಲ್ಗುಣಕ್ಕೆ ಇದ್ದೇ ಇರುತ್ತದೆಂಬ ಭರವಸೆಯಿಲ್ಲ. ರಜೆಯ ದಿನ ಮಕ್ಕಳೊಡನೆ ಈ ಕ್ಷೇತ್ರಗಳಿಗೆ ಹೊರಡುವವರು ಬುತ್ತಿಯ ಜೊತೆಗೆ ಒಂದು ಬಣ್ಣದ ಪೆಟ್ಟಿಗೆಯನ್ನೂ ನಾಲ್ಕು ಹಾಳೆಗಳನ್ನೂ ಕೊಂಡೊಯ್ದರೆ ಸಾಕು. ಬರೆದ ಚಿತ್ರ ಸೊಗಸಾಗದಿದ್ದರೂ, ಒಂದು ಮರವನ್ನು ಅರ್ಧ ಗಂಟೆ ದಿಟ್ಟಿಸಿ ನೋಡಿದ ಮಗು ಅದನ್ನು ಬೇಗನೆ ಮರೆಯಲಾರದು.