ಒಂದು ಪಿಯಾನೋ, ಹಲವು ವಾದ್ಯವೃಂದ

ಜಯಚಾಮರಾಜೇಂದ್ರ ಒಡೆಯರ್ (1919–1974) ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ನಮ್ಮ ಸಂಗೀತಪ್ರಿಯರಿಗೆ ಗೊತ್ತು. ಆದರೆ ಅವರ ಬೆರಳುಗಳು ಮೊದಲು ಪಳಗಿದ್ದು ಪಿಯಾನೋದ ಮೇಲೆ. 1945ರಲ್ಲಿ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಮೈಸೂರಿನ ಈ ಮಹಾರಾಜರಿಗೇ ಅರ್ಪಿಸಿದರು. ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಅದರ ಎಳೆಯ ದಿನಗಳಲ್ಲಿ ಆಸರೆಯಾದದ್ದೂ ಮೈಸೂರಿನ ಹಣವೇ. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ.

ಅದೇ ಫಿಲ್‌ಹಾರ್ಮೋನಿಯಾ ಮುಂದೆ ಒಂದು ಪಿಯಾನೋ ಕೃತಿಯನ್ನು ಎರಡು ಬೇರೆ ಬೇರೆ ರೂಪಗಳಲ್ಲಿ ಧ್ವನಿಮುದ್ರಿಸಿತು. 1950ರ ದಶಕದ ನಡುವಿನಲ್ಲಿ ಕರಾಯನ್ ನಿರ್ದೇಶನದಲ್ಲಿ ಮೂಡಿದ್ದು ಫ್ರೆಂಚ್ ಸಂಗೀತಕಾರ ರವೆಲ್ ಮಾಡಿದ ವಾದ್ಯ ಸಂಯೋಜನೆ. 1982ರಲ್ಲಿ ಅಶ್ಕೆನಾಜಿ ನಿರ್ದೇಶಿಸಿದ್ದು ಸ್ವತಃ ತಾವೇ ಮಾಡಿದ ಸಂಯೋಜನೆ. ಕೃತಿ ರಷ್ಯನ್ ಸಂಗೀತಕಾರ ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್’. ಎರಡನ್ನೂ ಒಂದರ ಹಿಂದೊಂದು ಕೇಳಿದವರಿಗೆ ಪಿಯಾನೋ ಕೃತಿಯನ್ನು ವಾದ್ಯಗಳಿಗೆ ಹಂಚುವವನು ಮಾಡುವ ಕೆಲಸ ಎಂಥದೆಂದು ಸ್ಪಷ್ಟವಾಗುತ್ತದೆ. ಅವನು ಆ ಕೃತಿಯನ್ನು ತನ್ನ ಬುದ್ಧಿಯಿಂದ ಓದಿ, ಆ ಓದನ್ನು ನಮ್ಮ ಕಿವಿಗೆ ಮುಟ್ಟಿಸುತ್ತಾನೆ.

ಹಂಚುವ ಕೆಲಸ

ಈ ಕೆಲಸ ನಮಗೆ ಅಪರಿಚಿತವಲ್ಲ. ಬಿನ್ನಿಪೇಟೆಯ ರಸ್ತೆಯಲ್ಲಿ ಮದುವೆಯದೋ ಗಣೇಶನದೋ ಮೆರವಣಿಗೆ ಹೊರಟಾಗ ಬ್ಯಾಂಡ್‌ಸೆಟ್‌ನವರು ರಾಜ್‌ಕುಮಾರ್ ಹಾಡು ನುಡಿಸುವುದನ್ನು ನಿಂತು ಕೇಳಿ. ಗಾಯಕರ ದನಿ ಕ್ಲಾರಿನೆಟ್‌ಗೆ ಬಂದಿರುತ್ತದೆ. ಸಿನಿಮಾದಲ್ಲಿ ಪಿಟೀಲುಗಳು ತುಂಬುತ್ತಿದ್ದ ನಡುವಿನ ಮ್ಯೂಸಿಕ್ಕು ಟ್ರಂಪೆಟ್‌ಗೆ, ತಬಲಾದ ನಡೆ ಸೈಡ್ ಡ್ರಮ್ಮಿಗೆ ಹೋಗಿರುತ್ತದೆ. ಊದುವವರಿಗೆ ಉಸಿರು ಬೇಕು, ಆದ್ದರಿಂದ ಎಳೆದು ಹಾಡುವ ಸಾಲು ಎಲ್ಲೋ ಒಂದು ಕಡೆ ತುಂಡಾಗುತ್ತದೆ. ಆ ತುಂಡು ಎಲ್ಲಿ ಬಿದ್ದರೆ ಹಾಡು ಕೆಡುವುದಿಲ್ಲ ಎಂದು ಯಾರೋ ಒಬ್ಬರು ಯೋಚಿಸಿಯೇ ಇರುತ್ತಾರೆ.

ಪಿಯಾನೋದಿಂದ ವಾದ್ಯವೃಂದಕ್ಕೆ ಹೋಗುವಾಗ ತೊಡಕು ಇನ್ನೂ ಸೂಕ್ಷ್ಮ. ಪಿಯಾನೋದ ಸ್ವರ ಸುತ್ತಿಗೆ ತಂತಿಗೆ ಬಡಿದ ಕ್ಷಣವೇ ಇಳಿಯತೊಡಗುತ್ತದೆ. ಬಡಿದ ಮೇಲೆ ಅದನ್ನು ಬೆಳೆಸಲು ಬಾರದು. ಪಿಟೀಲು, ಕೊಂಬುಗಳು ಸ್ವರವನ್ನು ಹಿಡಿದು ಹಿಗ್ಗಿಸಬಲ್ಲವು. ಪಿಯಾನೋ ನುಡಿಸುವವರು ಕಾಲಿನ ಪೆಡಲ್ ಒತ್ತಿದರೆ ಸ್ವರಗಳೆಲ್ಲ ಒಂದರೊಳಗೊಂದು ಬೆರೆತು ಮೊಳಗುತ್ತವೆ. ವಾದ್ಯವೃಂದಕ್ಕೆ ಪೆಡಲ್ ಇಲ್ಲ. ಆ ಮೊಳಗಿನಲ್ಲಿ ಯಾವ ಸ್ವರವನ್ನು ಯಾರು ಎಷ್ಟು ಹೊತ್ತು ಹಿಡಿಯಬೇಕೆಂದು ಬರೆಯಲೇಬೇಕು. ಒಂದೇ ಕೈಗೆ ಎಟುಕದ ದೂರದ ಸ್ವರಗಳನ್ನು ಪಿಯಾನೋದಲ್ಲಿ ಒಂದಾದ ಮೇಲೊಂದು ಬಿಡಿಸಿ ನುಡಿಸಿರುತ್ತಾರೆ. ಅದು ಕೃತಿಕಾರನ ಕಲ್ಪನೆಯೋ, ಬೆರಳಿನ ಮಿತಿಯೋ? ಹಂಚುವವನು ತೀರ್ಮಾನಿಸದೆ ಒಂದು ಸಾಲೂ ಮುಂದೆ ಹೋಗಲಾರ.

ಒಂದೇ ಕೃತಿ, ಮೂರು ಓದು

ಚಿತ್ರಕಾರ, ವಾಸ್ತುಶಿಲ್ಪಿ ವಿಕ್ಟರ್ ಹಾರ್ಟ್‌ಮನ್ 1873ರಲ್ಲಿ ತೀರಿಕೊಂಡರು. ಮರುವರ್ಷ ಅವರ ಚಿತ್ರಗಳ ಪ್ರದರ್ಶನ ನೋಡಿದ ಗೆಳೆಯ ಮುಸೋರ್ಗ್‌ಸ್ಕಿ ಪಿಯಾನೋಗಾಗಿ ಈ ಚಿತ್ರಮಾಲೆಯನ್ನು ಬರೆದರು. ಹತ್ತು ಚಿತ್ರಗಳು, ಅವುಗಳ ನಡುವೆ ನೋಡುಗನ ನಡಿಗೆಯಾಗಿ ಬರುವ ‘ಪ್ರೊಮೆನೇಡ್’. ಮುಸೋರ್ಗ್‌ಸ್ಕಿ 1881ರಲ್ಲಿ ಕಾಲವಾದರು. ಕೃತಿ ಅಚ್ಚಾದದ್ದು 1886ರಲ್ಲಿ, ರಿಮ್‌ಸ್ಕಿ-ಕೊರ್ಸಕೋವ್ ಸಂಪಾದನೆಯಲ್ಲಿ. ಅಂದಿನಿಂದ ಎಷ್ಟೋ ಮಂದಿ ಇದನ್ನು ವಾದ್ಯವೃಂದಕ್ಕೆ ತಂದಿದ್ದಾರೆ. ನಿರ್ದೇಶಕ ಕುಸೆವಿಟ್‌ಸ್ಕಿ ಕೇಳಿಕೊಂಡದ್ದರಿಂದ ರವೆಲ್ ಮಾಡಿದ ರೂಪ 1922ರ ಅಕ್ಟೋಬರ್ 19ರಂದು ಪ್ಯಾರಿಸ್ಸಿನಲ್ಲಿ ಮೊದಲು ಕೇಳಿಸಿತು. ಇಂದು ಹೆಚ್ಚಿನ ವೇದಿಕೆಗಳಲ್ಲಿ ನುಡಿಯುವುದು ಅದೇ. ಇನ್ನೊಬ್ಬ ನಿರ್ದೇಶಕ ಸ್ಟೊಕೊವ್‌ಸ್ಕಿಯ ರೂಪ 1939ರದು.

ಮೊದಲ ಪ್ರೊಮೆನೇಡ್‌ನಿಂದಲೇ ದಾರಿಗಳು ಕವಲೊಡೆಯುತ್ತವೆ. ಪಿಯಾನೋದಲ್ಲಿ ಮೊದಲು ಒಂಟಿ ಸಾಲು, ಆಮೇಲೆ ಅದಕ್ಕೆ ತುಂಬು ಸ್ವರಮೇಳದ ಉತ್ತರ. ರವೆಲ್ ಆ ಒಂಟಿ ಸಾಲನ್ನು ಒಂದೇ ಟ್ರಂಪೆಟ್‌ಗೆ ಕೊಟ್ಟು, ಉತ್ತರವನ್ನು ಹಿತ್ತಾಳೆಯ ಬಳಗಕ್ಕೆ ಒಪ್ಪಿಸುತ್ತಾರೆ. ನೋಡುಗ ಗತ್ತಿನಿಂದ ಒಳಗೆ ಬಂದಂತಿರುತ್ತದೆ. ಸ್ಟೊಕೊವ್‌ಸ್ಕಿ ಪಿಟೀಲುಗಳಿಂದ ಆರಂಭಿಸುತ್ತಾರೆ. ಅದೇ ನಡಿಗೆಗೆ ಹಾಡಿನ ಗುಣ ಬರುತ್ತದೆ. ರವೆಲ್ ರೂಪ ಅತಿಯಾಗಿ ಫ್ರೆಂಚ್ ಆಯಿತು, ರಷ್ಯದ ಮಣ್ಣಿನ ವಾಸನೆ ಬರಬೇಕು ಎಂಬುದು ಅವರ ಹಟ. ಆ ಹಟದಲ್ಲಿ ಅವರು ‘ಟ್ಯುಲರೀಸ್’, ‘ಲಿಮೋಜ್’ ಎಂಬ ಎರಡು ಚಿತ್ರಗಳನ್ನೇ ಕೈಬಿಟ್ಟರು. ರವೆಲ್ ಬಿಟ್ಟದ್ದು ಕೊನೆಯ ಪ್ರೊಮೆನೇಡ್ ಒಂದನ್ನು ಮಾತ್ರ.

‘ಹಳೆಯ ಕೋಟೆ’ ಎಂಬ ಚಿತ್ರ ನಮ್ಮ ಕಿವಿಗೆ ಬಹು ಹತ್ತಿರದ್ದು. ಕೆಳಗೆ ಮಂದ್ರದ ಒಂದೇ ಸ್ವರ ಆರಂಭದಿಂದ ಕೊನೆಯವರೆಗೆ ಶ್ರುತಿಯಂತೆ ಮಿಡಿಯುತ್ತಿರುತ್ತದೆ, ಮೇಲೆ ವಿಷಾದದ ಹಾಡು. ಸ್ಟೊಕೊವ್‌ಸ್ಕಿ ಈ ಹಾಡನ್ನು ಇಂಗ್ಲಿಷ್ ಹಾರ್ನ್‌ಗೆ ಕೊಟ್ಟರೆ, ರವೆಲ್ ಆಲ್ಟೊ ಸ್ಯಾಕ್ಸೋಫೋನಿಗೆ ಕೊಟ್ಟರು. ಶಾಸ್ತ್ರೀಯ ವಾದ್ಯವೃಂದದಲ್ಲಿ ಅಪರೂಪದ ಅತಿಥಿಯಾದ ಈ ವಾದ್ಯ ನಮಗೆ ಕದ್ರಿ ಗೋಪಾಲನಾಥ್ ಅವರಿಂದ ಮನೆಯ ವಾದ್ಯವಾಗಿದೆ. ಅವರು ಸ್ಯಾಕ್ಸೋಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಅವರ ಕಲ್ಯಾಣಿಯನ್ನೋ ತೋಡಿಯನ್ನೋ ಕೇಳಿದವರಿಗೆ ಗೊತ್ತು, ಲೋಹದ ಈ ವಾದ್ಯಕ್ಕೆ ಮನುಷ್ಯ ಕಂಠದ ಆರ್ದ್ರತೆ ಇದೆ. ರವೆಲ್ ಕಂಡದ್ದೂ ಅದನ್ನೇ ಎಂದು ನಾನು ನಂಬಿದ್ದೇನೆ.

ನಿಜವಾದ ಪರೀಕ್ಷೆ ‘ಬಿಡ್ಲೊ’ ಎಂಬ ಎತ್ತಿನ ಗಾಡಿಯ ಚಿತ್ರದಲ್ಲಿದೆ. ರವೆಲ್ ರೂಪದಲ್ಲಿ ಗಾಡಿ ದೂರದಿಂದ ಬರುತ್ತದೆ: ಮೆಲುದನಿಯಲ್ಲಿ ಟ್ಯೂಬಾ, ಹಂತಹಂತವಾಗಿ ಏರುವ ಭಾರ, ಕಣ್ಣೆದುರು ಹಾದುಹೋಗಿ ದೂರವಾಗುವ ಸದ್ದು. ಮೈ ಜುಮ್ಮೆನ್ನಿಸುವ ಸಂಯೋಜನೆ. ಆದರೆ ಮುಸೋರ್ಗ್‌ಸ್ಕಿಯ ಹಸ್ತಪ್ರತಿಯಲ್ಲಿ ಗಾಡಿ ಮೊದಲ ಸ್ವರಕ್ಕೇ ಜೋರಾಗಿ, ಎದುರಿಗೇ ಬಂದು ನಿಂತಿದೆ. ಮೆಲ್ಲನೆ ಬರುವಂತೆ ಮಾಡಿದ್ದು ರಿಮ್‌ಸ್ಕಿ-ಕೊರ್ಸಕೋವ್ ಸಂಪಾದನೆ. ರವೆಲ್ ಮುಂದಿದ್ದದ್ದು ಆ ಅಚ್ಚುಪ್ರತಿ. ಸ್ವತಃ ದೊಡ್ಡ ಪಿಯಾನೋ ವಾದಕರಾದ ಅಶ್ಕೆನಾಜಿ ಮೂಲಕ್ಕೆ ಮರಳಿ ಗಾಡಿಯನ್ನು ಜೋರಾಗಿಯೇ ಹೊರಡಿಸಿದರು. ಅವರ ರೂಪಕ್ಕೆ ರವೆಲ್‌ನ ಬಣ್ಣದ ಬೆಡಗಿಲ್ಲ. ಒರಟು ಇದೆ, ತೂಕ ಇದೆ. ಬಿಡ್ಲೊ ಮಟ್ಟಿಗೆ ನನ್ನ ಒಲವು ಅಶ್ಕೆನಾಜಿ ಕಡೆಗೆ. ‘ಗೋಲ್ಡನ್‌ಬರ್ಗ್ ಮತ್ತು ಶ್ಮೂಯ್ಲ’ ಎಂಬ ಚಿತ್ರದಲ್ಲಿ ಬಡವ ಶ್ಮೂಯ್ಲನ ಗೋಗರೆತವನ್ನು ದನಿ ಅಡಗಿಸಿದ ಟ್ರಂಪೆಟ್ಟಿನಲ್ಲಿ ನಡುಗಿಸಿದ ರವೆಲ್‌ರನ್ನು ಮಾತ್ರ ಯಾರೂ ಮೀರಿಲ್ಲ.

ಕೇಳುವ ಬಗೆ

ಹೋಲಿಸಿ ಕೇಳಬೇಕೆನ್ನುವವರು ಪಿಯಾನೋದಿಂದಲೇ ಆರಂಭಿಸಬೇಕು. ಇಡೀ ಕೃತಿ ಬೇಡ, ಎರಡು ನಿಮಿಷದ ಒಂದು ಭಾಗ ಸಾಕು. ಅದು ಮನಸ್ಸಿನಲ್ಲಿ ಕೂತ ಮೇಲೆ ಅದೇ ಭಾಗವನ್ನು ಬೇರೆ ಬೇರೆ ರೂಪಗಳಲ್ಲಿ ಕೇಳಿ. ಹಾಡು ಯಾರ ಪಾಲಿಗೆ ಬಂತು? ಮಂದ್ರವನ್ನು ಯಾರು ಹೊತ್ತರು? ಪಿಯಾನೋದಲ್ಲಿ ಸ್ವರ ಆರಿಹೋಗುತ್ತಿದ್ದ ಜಾಗದಲ್ಲಿ ಇಲ್ಲಿ ಏನಾಯಿತು? ಮೂಲದಲ್ಲಿ ಇಲ್ಲದ್ದು ಯಾವುದು ಸೇರಿತು? ಇವಿಷ್ಟು ಪ್ರಶ್ನೆ ಹಿಡಿದು ಕೂತರೆ ಸಂಗೀತಶಾಸ್ತ್ರ ಓದದವರೂ ತಮ್ಮ ತೀರ್ಪಿಗೆ ತಾವೇ ಬರಬಹುದು. ಇದಾದ ಮೇಲೆ ಸಾತಿಯ ‘ಜಿಮ್ನೊಪೆಡಿ’ ಪಿಯಾನೋ ಕೃತಿಗಳಿಗೆ ಹೋಗಬಹುದು, ಅವುಗಳಲ್ಲಿ ಎರಡನ್ನು ಗೆಳೆಯ ಡಿಬುಸಿ ವಾದ್ಯವೃಂದಕ್ಕೆ ತಂದರು. ತಮ್ಮದೇ ಪಿಯಾನೋ ಕೃತಿ ‘ಲ ತೊಂಬೊ ದ ಕೂಪೆರಾಂ’ನ ಆರು ಭಾಗಗಳಲ್ಲಿ ನಾಲ್ಕನ್ನಷ್ಟೇ ರವೆಲ್ ವಾದ್ಯವೃಂದಕ್ಕೆ ಒಪ್ಪಿಸಿದರು. ಉಳಿದೆರಡು ಪಿಯಾನೋದಲ್ಲಿಯೇ ಇರಲೆಂದು ಬಿಟ್ಟದ್ದೂ ಒಂದು ವಿವೇಕವೇ.

ಮುಸೋರ್ಗ್‌ಸ್ಕಿಯ ಹೆಸರಿನ ಪಕ್ಕದಲ್ಲಿ ರವೆಲ್ ಹೆಸರು ಪ್ರತಿ ಕಾರ್ಯಕ್ರಮ ಪತ್ರಿಕೆಯಲ್ಲೂ ಅಚ್ಚಾಗುತ್ತದೆ. ನಮ್ಮಲ್ಲಿ ಹಾಗಾಗುತ್ತಿಲ್ಲ. ಅರಮನೆಯ ಬ್ಯಾಂಡಿನ ಪರಂಪರೆ ಇಂದು ರಾಜ್ಯ ಪೊಲೀಸ್ ಬ್ಯಾಂಡಿನಲ್ಲಿ ಉಳಿದಿದೆ. ಅವರು ತ್ಯಾಗರಾಜರ ಕೃತಿಯನ್ನು ಹಿತ್ತಾಳೆ ವಾದ್ಯಗಳಲ್ಲಿ ನುಡಿಸುವಾಗ ಗಮಕವನ್ನು ಎಲ್ಲಿ ಉಳಿಸಬೇಕು, ಎಲ್ಲಿ ಬಿಡಬೇಕು ಎಂದು ತೀರ್ಮಾನಿಸಿದವರು ಒಬ್ಬರಿರುತ್ತಾರೆ. ಕೃತಿಕಾರರ ಹೆಸರು ನಮಗೆ ತಿಳಿಯುತ್ತದೆ, ಅವರದು ತಿಳಿಯುವುದಿಲ್ಲ. ಅಂಥವರು ಬರೆದಿಟ್ಟ ಹಾಳೆಗಳನ್ನು ಸಂಗೀತ ಸಂಸ್ಥೆಗಳು ಸಂಗ್ರಹಿಸಬೇಕು, ವೇದಿಕೆಯಲ್ಲಿ ಅವರ ಹೆಸರು ಹೇಳಬೇಕು. ಹೆಸರು ಗೊತ್ತಾದರೆ ಒಬ್ಬರ ಸಂಯೋಜನೆಯ ಪಕ್ಕದಲ್ಲಿ ಇನ್ನೊಬ್ಬರದನ್ನಿಟ್ಟು ಕೇಳುವ ಅಭ್ಯಾಸ ಇಲ್ಲೂ ಬೆಳೆಯುತ್ತದೆ.