ಗೆರೆಯಾಚೆ ನಿಂತ ಹೊಸ ಸರ್

ಶಿರಸಿಯ ಮೈದಾನದಲ್ಲಿ ಬೆಳಗಿನ ಇಬ್ಬನಿ ಈಗಷ್ಟೇ ಆರಿದೆ. ಹುಡುಗರು ಮ್ಯಾಟಿನ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಿ, 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ ಹಾಸಿದ್ದಾರೆ. ಸಿದ್ದಾಪುರದ ತಂಡ ಬಸ್ಸಿಳಿದು ಚೀಲ ಹೊತ್ತು ಬರುತ್ತಿದೆ. ನಸುಕಿನಲ್ಲೇ ಹೊರಟ ಯಲ್ಲಾಪುರದವರು ಟೆಂಪೋ ಪಕ್ಕದಲ್ಲಿ ನಿಂತು ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಾರೆ. ಶಾಮಿಯಾನದ ಕೆಳಗೆ ಮೈಕು ಕೆಮ್ಮುತ್ತದೆ. ಕಾಲೇಜು ಕಾಲೇಜುಗಳ ನಡುವಿನ ಕಬಡ್ಡಿ ಇನ್ನೇನು ಶುರು.

ಇವತ್ತು ಜನರ ಕಣ್ಣು ಆಟಗಾರರಿಗಿಂತ ಹೆಚ್ಚಾಗಿ ಗೆರೆಯಾಚೆ ನಿಂತ ಒಬ್ಬರ ಮೇಲಿದೆ. ಆತಿಥೇಯ ಕಾಲೇಜಿಗೆ ಈ ವರ್ಷ ಬಂದ ಹೊಸ ಪಿ.ಇ. ಸರ್. ಕೊರಳಲ್ಲಿ ಸೀಟಿ, ಕೈಯಲ್ಲಿ ಮಡಿಸಿದ ಹೆಸರುಪಟ್ಟಿ. ಹಿಂದೆ ಸಾಲಾಗಿ ಹಳೆಯ ಆಟಗಾರರು, ಅಡಿಕೆ ವ್ಯಾಪಾರ ಬಿಟ್ಟು ಬಂದವರು, ನಿವೃತ್ತ ಮಾಸ್ತರು, ತರಗತಿ ತಪ್ಪಿಸಿದ ಹುಡುಗರು. ಎಲ್ಲರೂ ತೀರ್ಪುಗಾರರೇ.

ಮೊದಲ 10 ನಿಮಿಷ ಕೆಟ್ಟದಾಗಿ ಹೋಯಿತು. ಆತಿಥೇಯರ ನೆಚ್ಚಿನ ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದ್ದೇ ತಡ, ಸಿದ್ದಾಪುರದ ಕಾರ್ನರ್ ಹುಡುಗ ಪಾದ ಹಿಡಿದು ಕೆಡವಿದ. ಒಬ್ಬೊಬ್ಬರಾಗಿ ಏಳೂ ಮಂದಿ ಹೊರಗೆ. ಲೋನಾದ ಎರಡು ಅಂಕ ಎದುರಾಳಿಗೆ ಸೇರಿತು. ಬೇಲಿಯಂಚಿನಿಂದ ಒಂದು ದನಿ ಬಂತು: "ಹಳೇ ಸರ್ ಇದ್ದಿದ್ರೆ ಹಿಂಗಾಗ್ತಿತ್ತಾ?"

ಹೊಸಬರು ಟೈಮ್‌ಔಟ್ ಕೇಳಿದರು. ಸಿಗುವುದು 30 ಸೆಕೆಂಡು. ಬಯ್ಯಬಹುದಿತ್ತು, ಬಯ್ಯಲಿಲ್ಲ. ಮೊದಲು ನೀರಿನ ಬಾಟಲಿ ಕೊಟ್ಟರು. ಎಡ ಕಾರ್ನರಿನವನ ಕೈಯನ್ನು ಪಕ್ಕದವನ ಕೈಯಲ್ಲಿಟ್ಟು, ಇಬ್ಬರನ್ನೂ ಅರ್ಧ ಹೆಜ್ಜೆ ಹಿಂದೆ ಸರಿಸಿ ತೋರಿಸಿದರು. ಸಿಕ್ಕಿಬಿದ್ದ ರೈಡರನ ಬೆನ್ನು ತಟ್ಟಿ, ಕಿವಿಯಲ್ಲಿ ಎರಡು ಮಾತು ಹೇಳಿ ಮತ್ತೆ ಒಳಗೆ ಕಳಿಸಿದರು.

ದ್ವಿತೀಯಾರ್ಧದಲ್ಲಿ ಆ ಅರ್ಧ ಹೆಜ್ಜೆಯ ಬೆಲೆ ಕಂಡಿತು. ಅಂಕಣದಲ್ಲಿ ಉಳಿದವರು ಮೂವರೇ. ಎದುರಾಳಿ ರೈಡರ್ ಧೈರ್ಯವಾಗಿ ಆಳಕ್ಕೆ ಬಂದ. ಕಾರ್ನರಿನವ ಹಿಮ್ಮಡಿ ಹಿಡಿದ, ಪಕ್ಕದವ ಸೊಂಟಕ್ಕೆ ಬಿದ್ದ, ಮೂರನೆಯವ ದಾರಿ ಕಟ್ಟಿದ. ಸೂಪರ್ ಟ್ಯಾಕಲ್! ಮೈದಾನ ಎದ್ದು ನಿಂತಿತು. ಆದರೂ ಕೊನೆಯ ಸೀಟಿಯಾದಾಗ ಆತಿಥೇಯರು ನಾಲ್ಕು ಅಂಕ ಹಿಂದಿದ್ದರು.

ಚಹಾದ ಗೂಡಂಗಡಿಯಲ್ಲಿ ವಿಚಾರಣೆ ಶುರುವಾಯಿತು.

"ಮಾವಾ, ಸೋತೇ ಹೋತಲ. ಈ ಸರ್ ಎಂತ ಮಾಡಿದ್ರು?"

"ಸೋತಿದ್ದು ನಂಗೂ ಕಂಡ್ಚು ತಮಾ. ಕಡೇ ಐದು ನಿಮಿಷ ನೋಡಿದ್ಯಾ? ಒಬ್ಬ ಹುಡ್ಗನೂ ತಲೆ ತಗ್ಸಿದ್ನಿಲ್ಲೆ."

ಹಿರಿಯರ ಲೆಕ್ಕ ಸರಿಯಾದದ್ದು. ಅಂಕಪಟ್ಟಿಯಲ್ಲಿರುವುದು ಬಹುಪಾಲು ಹಿಂದಿನವರು ಬೆಳೆಸಿದ ಹುಡುಗರ ಶಕ್ತಿ, ದೌರ್ಬಲ್ಯ. ಹೊಸಬರ ಕೈ ಕಾಣುವುದು ಬೇರೆಡೆ: ಟೈಮ್‌ಔಟ್ ಯಾವಾಗ ಕೇಳಿದರು, ಯಾರನ್ನು ಬದಲಿಸಿದರು, ಅದೇ ತಪ್ಪು ಎರಡನೇ ಬಾರಿ ಆಯಿತೇ, ಎಡವಿದವನನ್ನು ಹೇಗೆ ನಡೆಸಿಕೊಂಡರು. ಇದರ ಜೊತೆ ಈ ಸೀಮೆಯ ಕಷ್ಟವನ್ನೂ ಸೇರಿಸಬೇಕು. ಸಂಜೆಯ ಅಭ್ಯಾಸ ನಿಲ್ಲುವುದು ದಣಿವಿನಿಂದಲ್ಲ, ಊರಿನ ಕೊನೆಯ ಬಸ್ಸಿನಿಂದ. ಅಡಿಕೆಯ ಕೊನೆಕೊಯ್ಲು ಬಂತೆಂದರೆ ಅರ್ಧ ತಂಡ ತೋಟದಲ್ಲಿರುತ್ತದೆ. ಏಳು ಮಂದಿ ಒಟ್ಟಿಗೆ ಸಿಗುವುದೇ ಒಂದು ಗೆಲುವು.

ದೊಡ್ಡ ಅಂಕಣದಲ್ಲೂ ಮೊದಲ ದಿನ ಪೂರ್ತಿ ಸತ್ಯ ಹೇಳುವುದಿಲ್ಲ. ಬಿ.ಸಿ. ರಮೇಶ್ ಪ್ರೊ ಕಬಡ್ಡಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 10ನೇ ಆವೃತ್ತಿಯಲ್ಲಿ ಪುಣೇರಿ ಪಲ್ಟನ್‌ಗೆ ಪ್ರಶಸ್ತಿ ತಂದುಕೊಟ್ಟ ಕನ್ನಡಿಗ ತರಬೇತುದಾರ. 2025ರಲ್ಲಿ ಬೆಂಗಳೂರು ಬುಲ್ಸ್ ಅವರ ಕೈಗೆ ಬಂತು. ಮೊದಲ ಪಂದ್ಯದಲ್ಲೇ, ತಾವು ಚಾಂಪಿಯನ್ ಮಾಡಿದ್ದ ಅದೇ ಪುಣೆಯ ಎದುರು ಟೈಬ್ರೇಕರ್‌ನಲ್ಲಿ ಸೋಲು. ಮುಂದಿನ ಎರಡೂ ಹೋದವು. ಅಲ್ಲಿಗೇ ಷರಾ ಬರೆದಿದ್ದರೆ ಆಮೇಲೆ ಚೇತರಿಸಿಕೊಂಡು ಪ್ಲೇಆಫ್ ತಲುಪಿದ ತಂಡ ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆಂದು ಯಲ್ಲಾಪುರದ ಕಾಡಿನಂಚಿನ ಊರುಗಳಿಗೆ ಗೊತ್ತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಈ ಭಾಗದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿ ಕೊಡತೊಡಗಿತು. ಅವರಲ್ಲಿ ಕೆಲವರು ದೇಶದ ಮಟ್ಟದಲ್ಲಿ ಓಡಿ ಗೆದ್ದರು. 1993ರಲ್ಲಿ ಯೋಜನೆಯೇ ನಿಂತಿತು, ಮಕ್ಕಳು ಊರಿಗೆ ಮರಳಿದರು. ಪ್ರತಿಭೆ ಬತ್ತಿರಲಿಲ್ಲ, ಕಾಯುವವರಿರಲಿಲ್ಲ.

ಆದ್ದರಿಂದ ಹೊಸ ಸರ್ ಬಗ್ಗೆ ಇವತ್ತು ಹೇಳಬಹುದಾದದ್ದು ಇಷ್ಟು: ಆಟ ಓದಬಲ್ಲರು, ಹುಡುಗರು ಅವರ ಮಾತು ನಂಬುತ್ತಾರೆ. ರೈಡಿಂಗ್ ಇನ್ನೂ ಒಬ್ಬನ ಮೇಲೇ ನಿಂತಿದೆ, ಅದನ್ನವರು ತಿದ್ದಬೇಕು. ತಿದ್ದಿದರೋ ಇಲ್ಲವೋ ಎಂದು ಕೇಳುವ ಹಕ್ಕು ನಮಗೆ ವರ್ಷದ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಕಾಲೇಜು ಅವರಿಗೆ ಮ್ಯಾಟು, ಸಂಜೆಯ ಒಂದು ಗಂಟೆ, ಹುಡುಗರನ್ನು ಊರು ಮುಟ್ಟಿಸುವ ಒಂದು ಗಾಡಿ ಕೊಡಲಿ. ಅದನ್ನು ಕೊಟ್ಟವರಷ್ಟೇ ಆಮೇಲೆ ತೀರ್ಪು ಹೇಳಲಿ.